ಮೊದಲು ಹಡಗು ಹತ್ತಿದ್ದು ಜರಿಗಿಡ

ಲಂಡನ್ನಿನ ಪೂರ್ವ ಭಾಗದಲ್ಲಿ, ಹಡಗುಕಟ್ಟೆಗಳ ಬಗಲಿಗೆ ವೆಲ್‌ಕ್ಲೋಸ್ ಸ್ಕ್ವೇರ್ ಎಂಬ ಕೇರಿ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ನಥಾನಿಯೆಲ್ ಬ್ಯಾಗ್‌ಶಾ ವಾರ್ಡ್ ಎಂಬ ವೈದ್ಯ ರೋಗಿಗಳನ್ನು ನೋಡುತ್ತಿದ್ದ. ಅಪ್ಪನೂ ವೈದ್ಯನೇ. ಹದಿಮೂರನೆಯ ವಯಸ್ಸಿಗೆ ಹಡಗಿನಲ್ಲಿ ಜಮೈಕಾಕ್ಕೆ ಹೋಗಿಬಂದ ಹುಡುಗನಿಗೆ ಅಲ್ಲಿನ ತಾಳೆಗಳೂ ಜರಿಗಿಡಗಳೂ ತಲೆಯಲ್ಲಿ ಉಳಿದವು, ಹಡಗಿನ ಆಸೆ ಹೋಯಿತು. ದೊಡ್ಡವನಾದ ಮೇಲೆ ಮನೆಯ ಹಿತ್ತಿಲಲ್ಲಿ ಕಲ್ಲು ಪೇರಿಸಿ ಒಂದು ಪುಟ್ಟ ದರೆ ಮಾಡಿದ. ಅದರ ನೆತ್ತಿಯ ಮೇಲೆ ತೂತು ಕೊರೆದ ಕೊಳವೆ ಇಟ್ಟು, ಸದಾ ನೀರು ತೊಟ್ಟಿಕ್ಕುವ ಹಾಗೆ ಏರ್ಪಾಡು ಮಾಡಿದ. ಕಾಡಿನಿಂದ ಜರಿಗಿಡ, ಪಾಚಿ, ನೆಲಕ್ಕಂಟಿ ಹಬ್ಬುವ ಸಣ್ಣ ಸಣ್ಣ ಗಿಡಗಳನ್ನು ತಂದು ನೆಟ್ಟ. ಅವೆಲ್ಲ ಒಂದೊಂದಾಗಿ ಸತ್ತವು. ನೀರು ಬೇಕಾದಷ್ಟಿತ್ತು, ನೆರಳೂ ಇತ್ತು. ಆದರೆ ಸುತ್ತಲ ಕಾರ್ಖಾನೆಗಳ ಕಲ್ಲಿದ್ದಲ ಹೊಗೆ ಎಲೆಗಳ ಮೇಲೆ ಮಸಿಯಾಗಿ ಕೂರುತ್ತಿತ್ತು.

ನೀರಿದ್ದೂ ಗಿಡ ಸಾಯುವುದು ಎಂಬ ಆ ಸಂಗತಿಯಿಂದಲೇ ಈ ಚರಿತ್ರೆ ಶುರುವಾಗುತ್ತದೆ. ಮನೆಯೊಳಗೆ ನೆಲಹಬ್ಬು ಗಿಡ ಬೆಳೆಸುವವರಲ್ಲಿ ಹೆಚ್ಚಿನವರು ಇವತ್ತಿಗೂ ಎಡವುವುದು ಇಲ್ಲೇ. ಗಿಡ ಬಾಡಿದರೆ ನೀರು ಸಾಲದಾಯಿತು ಎಂದುಕೊಂಡು ಕುಂಡಕ್ಕೆ ಇನ್ನಷ್ಟು ಸುರಿಯುತ್ತಾರೆ. ಬೇರು ಕೊಳೆಯುತ್ತದೆ, ಎಲೆಯಂಚು ಒಣಗುತ್ತದೆ. ಆ ಗಿಡ ಕೇಳುವುದು ಬೇರಿನ ನೀರಿಗಿಂತ ಹೆಚ್ಚಾಗಿ ಎಲೆಯ ಸುತ್ತಲ ಗಾಳಿಯ ಪಸೆ. ಹಾಗೆ ಯೋಚಿಸುವುದನ್ನು ಜಗತ್ತಿಗೆ ಕಲಿಸಿದ್ದು ವಾರ್ಡ್‌ನ ಒಂದು ಬಾಟಲಿ.

1829ರಲ್ಲಿ ಆತ ಹಾಕ್ ಮಾತ್ ಜಾತಿಯ ಪತಂಗದ ಕೋಶವೊಂದನ್ನು ಅಗಲ ಬಾಯಿಯ ಬಾಟಲಿಯಲ್ಲಿ ಹಸಿ ಮಣ್ಣಿನೊಳಗೆ ಹುಗಿದು, ಮೇಲೆ ಮುಚ್ಚಳ ಹಾಕಿ ಇಟ್ಟಿದ್ದ. ಪತಂಗ ಹೊರಬರುವುದನ್ನು ನೋಡುವುದಷ್ಟೇ ಆತನಿಗೆ ಬೇಕಿತ್ತು. ದಿನಾ ಕಣ್ಣಿಗೆ ಬಿದ್ದದ್ದು ಇನ್ನೊಂದು. ಹಗಲ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಮೇಲೇಳುತ್ತದೆ, ಗಾಜಿಗೆ ತಾಗಿ ಹನಿಗಟ್ಟುತ್ತದೆ, ಇಳಿದು ಮತ್ತೆ ಮಣ್ಣು ಸೇರುತ್ತದೆ. ಪತಂಗ ಹೊರಬರಬೇಕಾದ ದಿನಕ್ಕೆ ಸುಮಾರು ಒಂದು ವಾರ ಮೊದಲು ಮಣ್ಣಿನ ಮೇಲೆ ಒಂದು ಜರಿಗಿಡದ ಮೊಳಕೆ, ಒಂದು ಹುಲ್ಲಿನ ಮೊಳಕೆ ಕಾಣಿಸಿದವು. ಹಿತ್ತಿಲ ದರೆಯಲ್ಲಿ ಎಷ್ಟು ಕಾಪಾಡಿದರೂ ಉಳಿಯದಿದ್ದ ಜರಿಗಿಡ ಇಲ್ಲಿ ಕೇಳದೆಯೇ ಬಂದಿತ್ತು. ವಾರ್ಡ್ ಆ ಬಾಟಲಿಯನ್ನು ಉತ್ತರಕ್ಕೆ ಮುಖ ಮಾಡಿದ ತನ್ನ ಓದಿನ ಕೋಣೆಯ ಕಿಟಕಿಯಾಚೆ ಇಟ್ಟ. ಜರಿಗಿಡ ವರ್ಷಕ್ಕೆ ಮೂರೋ ನಾಲ್ಕೋ ಎಲೆ ಬಿಡುತ್ತ ಹೋಯಿತು, ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಹೆಚ್ಚುಕಡಿಮೆ ನಾಲ್ಕು ವರ್ಷ ಎರಡೂ ಬದುಕಿದವು. ಆತ ಊರಲ್ಲಿಲ್ಲದಾಗ ಮುಚ್ಚಳಕ್ಕೆ ತುಕ್ಕು ಹಿಡಿದು ಮಳೆನೀರು ಒಳಗೆ ಇಳಿಯಿತು. ಸತ್ತದ್ದು ಹಾಗೆ, ನೀರು ಹೆಚ್ಚಾಗಿ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಪಾಠದ ಪುಸ್ತಕಗಳಲ್ಲಿ ವಾರ್ಡ್‌ನ ಹೆಸರು ಬಂದರೂ ಒಂದೇ ಸಾಲಿನಲ್ಲಿ ಬರುತ್ತಿತ್ತು. ಅದರ ಹಿಂದೆಯೇ ಚಹಾ, ಸಿಂಕೋನಾ, ರಬ್ಬರ್ ಬಂದುಬಿಡುತ್ತಿದ್ದವು. ಪೇಟೆಯಲ್ಲಿ ಬೆಲೆಯಿದ್ದ ಗಿಡಗಳಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಆದರೆ ಅವು ಸಮುದ್ರ ದಾಟಲು ಬೇಕಾದ ವಾರ್ಡ್‌ನ ಗಾಜಿನ ಪೆಟ್ಟಿಗೆಯನ್ನು ಸಾಧ್ಯ ಮಾಡಿದ್ದು ಯಾರಿಗೂ ಕಾಸು ತರದ ಜರಿ, ಪಾಚಿ, ನೆಲಹಬ್ಬುಗಳು. ಮೊದಲು ಪರೀಕ್ಷೆಗೆ ನಿಂತವು ಅವು. ಮೊದಲು ಸಮುದ್ರ ದಾಟಿದವೂ ಅವೇ. ಇದನ್ನು ಅವುಗಳ ಕಡೆಯಿಂದ ಒಮ್ಮೆ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಇತ್ತು.

ಈ ಗಿಡಗಳೇ ಯಾಕೆ? ನೆಲಕ್ಕೆ ಒತ್ತಿಕೊಂಡು ಹರಡುವ ಗಿಡ ಕಾಡಿನಲ್ಲಿ ಬದುಕುವುದು ತೀರ ತಗ್ಗಿನ ಗಾಳಿಯಲ್ಲಿ. ಮೇಲೆ ಮರಗಳ ಚಪ್ಪರ, ಕೆಳಗೆ ತರಗೆಲೆಯ ಹಾಸು. ಇವೆರಡರ ನಡುವೆ, ಮಣ್ಣಿನಿಂದ ನಾಲ್ಕು ಬೆರಳೆತ್ತರದಲ್ಲಿ ಗಾಳಿ ಕದಲುವುದೇ ಕಡಿಮೆ, ತೇವ ಅಲ್ಲೇ ನಿಂತಿರುತ್ತದೆ. ಅಂಥಲ್ಲಿ ಬೆಳೆದ ಗಿಡಕ್ಕೆ ಆಳದ ಬೇರೂ ಬೇಕಿಲ್ಲ, ಎಲೆಯ ಮೇಲೆ ದಪ್ಪ ಮೇಣದ ಪದರವೂ ಬೇಕಿಲ್ಲ. ಅದನ್ನು ಎತ್ತಿ ತಂದು ನಮ್ಮ ಊಟದ ಮೇಜಿನ ಮೇಲಿಟ್ಟರೆ ಫ್ಯಾನಿನ ಗಾಳಿಗೆ ಬೆತ್ತಲೆ ನಿಲ್ಲಿಸಿದ ಹಾಗೆ. ಪೊರೆಜರಿಗಳೆಂಬ ಗುಂಪಿನ ಕಥೆ ಇನ್ನೂ ನಾಜೂಕು. ಅವುಗಳ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ, ಮುಚ್ಚಿಕೊಳ್ಳಲು ಪತ್ರರಂಧ್ರಗಳೂ ಇಲ್ಲ. ಆಗುಂಬೆಯ ಕಡೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮರದ ಬೊಡ್ಡೆಗಳ ಮೇಲೆ ಅವನ್ನು ತೋರಿಸುತ್ತಿದ್ದೆ. ಮಳೆಯಲ್ಲಿ ನೆನೆದ ಎಲೆಯ ಮೂಲಕ ಆಚೆಯ ಬೆರಳು ಕಾಣುತ್ತಿತ್ತು. ಕಿತ್ತು ಅಂಗೈಯಲ್ಲಿಟ್ಟರೆ ಗಾಡಿಯ ತನಕ ತರುವುದರೊಳಗೆ ಮುದುಡಿಹೋಗುತ್ತಿತ್ತು.

ಇದೇ ಗುಂಪಿನ ಕಿಲಾರ್ನಿ ಜರಿ ಐರ್ಲೆಂಡಿನಲ್ಲಿದೆ. ಹ್ಯಾಕ್ನಿಯಲ್ಲಿದ್ದ ಲೋಡಿಜಸ್ ನರ್ಸರಿ ಆ ಕಾಲದ ಹೆಸರಾಂತ ನರ್ಸರಿಗಳಲ್ಲೊಂದು. ಅವರಿಗೂ ಈ ಜರಿ ಒಗ್ಗಿರಲಿಲ್ಲ. ಎಷ್ಟು ಸಲ ತಂದು ನೆಟ್ಟರೂ ಉಳಿಯುತ್ತಿರಲಿಲ್ಲ. ಅದು ವಾರ್ಡ್‌ನ ಮುಚ್ಚಿದ ಗಾಜಿನಲ್ಲಿ ಬದುಕಿತು. ರಷ್ಯಾದ ಚಕ್ರವರ್ತಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಫಿಶರ್ ಆ ಗಿಡವನ್ನು ಕಂಡಾಗ ಟೋಪಿ ತೆಗೆದು ಅದಕ್ಕೆ ಬಾಗಿ ವಂದಿಸಿದನೆಂದು ವಾರ್ಡ್ ಬರೆದಿದ್ದಾನೆ. ಒಬ್ಬ ದೊಡ್ಡ ತೋಟಗಾರ ಒಂದು ಜರಿಗಿಡಕ್ಕೆ ತಲೆಬಾಗಿದ ಆ ಕ್ಷಣ ನನಗೆ ಈ ಇಡೀ ಚರಿತ್ರೆಯಲ್ಲೇ ಬಲು ಇಷ್ಟ.

ಬಾಟಲಿ ಪೆಟ್ಟಿಗೆಯಾಯಿತು, ಪೆಟ್ಟಿಗೆ ಕಿಟಕಿಯ ಅಗಲಕ್ಕೆ ಬೆಳೆಯಿತು. ಕೊನೆಗೆ ವಾರ್ಡ್ ಎಂಟಡಿ ಚೌಕದ ಒಂದು ಗಾಜಿನ ಕೋಣೆಯನ್ನೇ ಕಟ್ಟಿಸಿದ. ಒಳಗೆ ಹಾಳುಬಿದ್ದ ಟಿಂಟರ್ನ್ ಮಠದ ಕಿಟಕಿಯ ಪುಟ್ಟ ಮಾದರಿಯೊಂದನ್ನು ಇಟ್ಟು, ಅದರ ಸುತ್ತ ಜರಿ ಹಬ್ಬಿಸಿದ. 1834ರಲ್ಲಿ ತೋಟಗಾರಿಕೆಯ ಲೇಖಕ ಜಾನ್ ಕ್ಲಾಡಿಯಸ್ ಲೌಡನ್ ಬಂದು ಇದನ್ನೆಲ್ಲ ನೋಡಿ ತನ್ನ ಪತ್ರಿಕೆಯಲ್ಲಿ ಬರೆದ. 1838ರಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇದೇ ವಿಷಯವಾಗಿ ಉಪನ್ಯಾಸ ಕೊಟ್ಟ. ಸ್ಕಾಟ್ಲೆಂಡಿನ ಮೆಕಾನಕಿ ಎಂಬಾತ ಇಂಥದೇ ಪೆಟ್ಟಿಗೆಯನ್ನು ವಾರ್ಡ್‌ಗಿಂತ ಕೆಲವು ವರ್ಷ ಮೊದಲೇ ಮಾಡಿಕೊಂಡಿದ್ದ ಎಂಬುದನ್ನೂ ಇಲ್ಲಿ ಹೇಳಬೇಕು. ಆತ ಅದನ್ನು ಪ್ರಕಟಿಸಲಿಲ್ಲ, ಹೆಸರು ವಾರ್ಡ್‌ಗೆ ಉಳಿಯಿತು.

ಆ ಪೆಟ್ಟಿಗೆಯೊಳಗೆ ಗಾಳಿ ಹೊಗಲೇಬಾರದು ಎಂದು ಆಗ ಬಹಳ ಜನ ತಿಳಿದಿದ್ದರು. ಈಗಲೂ ಹಾಗೇ ತಿಳಿಯುವವರಿದ್ದಾರೆ. ವಾರ್ಡ್ ಇದನ್ನು ಮತ್ತೆ ಮತ್ತೆ ತಿದ್ದಿದ. ಗಾಜನ್ನು ಮರದ ಚೌಕಟ್ಟಿಗೆ ಪುಟ್ಟಿ ಹಾಕಿ ಕೂರಿಸಿದರೂ ಸಂದುಗಳಲ್ಲಿ ಗಾಳಿ ನಿಧಾನವಾಗಿ ಒಳಹೊರಗೆ ಆಡುತ್ತಲೇ ಇರುತ್ತದೆ. ಆ ನಿಧಾನವೇ ಮುಖ್ಯ. ಹೊರಗಿನ ಬಿಸಿ, ಚಳಿ, ಒಣಹವೆ ಯಾವುದೂ ಒಳಗೆ ಒಮ್ಮೆಲೇ ನುಗ್ಗುವುದಿಲ್ಲ. ಮಸಿ ಹೊರಗೇ ಉಳಿಯುತ್ತದೆ. ತೇವ ಒಳಗೇ ಸುತ್ತುತ್ತದೆ.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ವಾರ್ಡ್‌ನ ಬಾಟಲಿಯ ಬಲ ಅರ್ಥವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯುತ್ತದೆ. ನನ್ನ ಬಳಿ ಬೆಂಗಳೂರಿನ ಶಿವಾಜಿನಗರದ ಮೀನಿನ ಅಂಗಡಿಯಿಂದ ತಂದ ಒಂದು ಗಾಜಿನ ತೊಟ್ಟಿ ಇದೆ. ಉದ್ದ ಎರಡಡಿ, ಅಗಲವೂ ಎತ್ತರವೂ ಒಂದೊಂದಡಿ. ಅದರೊಳಗಿನ ಗಾಳಿಯನ್ನು ಪೂರ್ತಿ ತಣಿಸಲು ಬೇಕಾದದ್ದು ಒಂದೂಕಾಲು ಗ್ರಾಂ ನೀರು, ಅಂದರೆ ಇಪ್ಪತ್ತೈದು ಹನಿ. ಇನ್ನು ಹನ್ನೆರಡಡಿ ಚೌಕದ, ಹತ್ತಡಿ ಎತ್ತರದ ಕೋಣೆಯನ್ನು ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ಸಾಪೇಕ್ಷ ಆರ್ದ್ರತೆ ಎಷ್ಟೋ ದಿನ ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ಅದನ್ನು 70ಕ್ಕೆ ಏರಿಸಲು ಸುಮಾರು 375 ಮಿಲಿಲೀಟರ್ ನೀರು ಆವಿಯಾಗಬೇಕು. ಅದೂ ಕಿಟಕಿ ಬಾಗಿಲು ಮುಚ್ಚಿದ್ದರೆ ಮಾತ್ರ. ಯಾರೋ ಬಾಗಿಲು ತೆಗೆದು ಒಳಗೆ ಬಂದರೆ ಆ ಗಾಳಿಯೂ ಹೋಯಿತು, ಆ ನೀರೂ ಹೋಯಿತು.

ನರ್ಸರಿಯವರು ಗಿಡ ಕಟ್ಟಿಕೊಡುವಾಗ "ಮೇಡಂ, ದಿನಾ ಎರಡು ಸಲ ಸ್ಪ್ರೇ ಹೊಡೀರಿ, ಸಾಕು" ಅನ್ನುತ್ತಾರೆ. ಎಲೆಯ ಮೇಲೆ ಬಿದ್ದ ಆ ಹನಿ ಆರುವವರೆಗೆ ಒಂದಿಷ್ಟು ತಂಪು, ಆಮೇಲೆ ಕೋಣೆಯ ಹವೆ ಮೊದಲಿನಂತೆಯೇ. ಕುಂಡದಡಿ ತಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ನೀರು ನಿಲ್ಲಿಸುವ ಪದ್ಧತಿಯೂ ಇದೆ. ತೆರೆದ ಕೋಣೆಯಲ್ಲಿ ಅದರಿಂದ ಏಳುವ ಆವಿ ಎಲೆಯ ಹತ್ತಿರ ನಿಲ್ಲುವುದು ತೀರ ಕಡಿಮೆ. ಸುತ್ತ ಗೋಡೆಯೊಂದು ಬೇಕು, ತಲೆಯ ಮೇಲೊಂದು ಮುಚ್ಚಳ ಬೇಕು. ಆ ಎರಡನ್ನು ಕೊಟ್ಟರೆ ಇಪ್ಪತ್ತೈದು ಹನಿ ಸಾಕಾಗುತ್ತದೆ.

ಇನ್ನು ಹಡಗಿನ ಮಾತು. ದೂರದೇಶದ ಗಿಡವನ್ನು ಜೀವಂತ ತರುವುದು ಅಂದಿನ ಯುರೋಪಿಗೆ ದೊಡ್ಡ ತಲೆನೋವಾಗಿತ್ತು. ಚೀನಾದಿಂದ ಇಂಗ್ಲೆಂಡಿಗೆ ಹೊರಟ ಗಿಡಗಳಲ್ಲಿ ಸಾವಿರಕ್ಕೆ ಒಂದು ಉಳಿಯುತ್ತದೆ ಎಂದು ಮಕಾವಿನಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಅಂದಾಜು ಮಾಡಿದ್ದ. ಹಡಗಿನ ಮೇಲೆ ಉಪ್ಪುನೀರಿನ ಎರಚಲು, ಸುಡುವ ಬಿಸಿಲು, ಗಾಳಿ. ಸಿಹಿನೀರು ಅಳೆದು ಕೊಡುವ ಕಡೆ ನಾವಿಕನ ಗಂಟಲು ಮೊದಲೋ ಗಿಡದ ಬೇರು ಮೊದಲೋ? ಇದರಲ್ಲಿ ನಾವಿಕರನ್ನು ದೂರಲು ನನಗೆ ಮನಸ್ಸಿಲ್ಲ. ಒಳಗಿನ ನೀರೇ ಒಳಗೆ ತಿರುಗುವ ಪೆಟ್ಟಿಗೆ ಬಂದ ಮೇಲೆ ಈ ಜಗಳ ತಪ್ಪಿತು.

1833ರಲ್ಲಿ ವಾರ್ಡ್ ಎರಡು ಪೆಟ್ಟಿಗೆ ತುಂಬಿಸಿ, ಕ್ಯಾಪ್ಟನ್ ಚಾರ್ಲ್ಸ್ ಮಲಾರ್ಡ್‌ನ ಹಡಗಿನಲ್ಲಿ ಸಿಡ್ನಿಗೆ ಕಳಿಸಿದ. ಒಳಗಿದ್ದವು ಜರಿ, ಪಾಚಿ, ಹುಲ್ಲು. ಬೆಲೆಬಾಳುವ ಒಂದು ಗಿಡವೂ ಇರಲಿಲ್ಲ. ಒಣಹವೆಗೆ ಎಲ್ಲಕ್ಕಿಂತ ಬೇಗ ಸಾಯುವ ಗಿಡಗಳು ಬದುಕಿದರೆ ಉಳಿದವುಗಳ ಚಿಂತೆಯಿಲ್ಲ ಎಂಬ ತರ್ಕ ಅದರಲ್ಲಿ ಎದ್ದು ಕಾಣುತ್ತದೆ. ಆಸ್ಟ್ರೇಲಿಯಾ ತಲುಪಿದಾಗ ಬಹುತೇಕ ಎಲ್ಲವೂ ಹಸಿರಾಗಿದ್ದವು. ಮಲಾರ್ಡ್ ಅಲ್ಲಿಂದ ವಾರ್ಡ್‌ಗೆ ಸಂತೋಷದ ಪತ್ರ ಬರೆದ. ಅದೇ ಪೆಟ್ಟಿಗೆಗಳಿಗೆ ಆಸ್ಟ್ರೇಲಿಯಾದ ಗಿಡಗಳನ್ನು ತುಂಬಿ 1834ರ ಫೆಬ್ರವರಿಯಲ್ಲಿ ವಾಪಸ್ ಹೊರಡಿಸಿದರು. ಹೊರಡುವಾಗ ಸಿಡ್ನಿಯಲ್ಲಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಬಿಸಿ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಸೊನ್ನೆಗಿಂತ 7 ಡಿಗ್ರಿ ಕೆಳಗೆ, ಹಡಗಿನ ಮೇಲೆ ಒಂದಡಿ ಹಿಮ. ಸಮಭಾಜಕ ದಾಟುವಾಗ 49ರ ಹತ್ತಿರ. ಇಂಗ್ಲಿಷ್ ಕಾಲುವೆಗೆ ಬಂದಾಗ 4. ಎಂಟು ತಿಂಗಳ ಈ ಏರಿಳಿತದಲ್ಲಿ ಗಿಡಗಳು ಬಯಲಿನ ಮೇಲ್ತಟ್ಟಿನಲ್ಲೇ ಇದ್ದವು. ವಾರ್ಡ್ ಮತ್ತು ಜಾರ್ಜ್ ಲೋಡಿಜಸ್ ಹಡಗಿಗೆ ಹೋಗಿ ನೋಡಿದಾಗ ಅವು ನಳನಳಿಸುತ್ತಿದ್ದವು. ದಾರಿಯಲ್ಲೇ ಮಣ್ಣಿನಲ್ಲಿದ್ದ ಬೀಜಗಳು ಮೊಳೆತು ಆಸ್ಟ್ರೇಲಿಯಾದ ಒಂದು ಮರದ ಸಸಿಗಳೂ ಎದ್ದಿದ್ದವು.

ಪೆಟ್ಟಿಗೆಯ ರಚನೆ ನೋಡಿದರೆ ಸಣ್ಣ ಗುಡಿಸಲಿನ ಆಕಾರ. ಕೆಳಗೆ ಗಟ್ಟಿ ಮರದ ತಳ, ಸಮುದ್ರದ ನೀರು ಅಡಿಯಲ್ಲಿ ಹರಿದುಹೋಗಲೆಂದು ಅದಕ್ಕೆ ಕಾಲು. ಮೇಲೆ ಎರಡೂ ಕಡೆ ಇಳಿಜಾರಾದ ಗಾಜಿನ ಮಾಡು. ಗಾಜು ಒಡೆಯದಂತೆ ಅದರ ಮೇಲೆ ರೀಪು ಅಥವಾ ತಂತಿಬಲೆ. ಒಳಗೆ ಮಣ್ಣು ತುಂಬಿ, ಮೇಲೆ ಪಾಚಿ ಹಾಸಿ, ಹಡಗು ವಾಲಿದಾಗ ಮಣ್ಣು ಜರುಗದಂತೆ ಅಡ್ಡಪಟ್ಟಿ ಬಡಿಯುತ್ತಿದ್ದರು. ಪಾಚಿ ತೇವವನ್ನು ಹಿಡಿದಿಟ್ಟುಕೊಂಡು ಬೇಕಾದಂತೆ ಬಿಡುತ್ತಿತ್ತು.

ನಮ್ಮ ಮಲೆನಾಡಿನ ಹೆಂಗಸರು ಡೇರೆಯ ಕಡ್ಡಿಯನ್ನು ತವರಿನಿಂದ ತರುವ ಬಗೆ ಇದಕ್ಕೆ ದೂರದ್ದೇನಲ್ಲ. ಅಂಗಳದಂಚಿನ ಪಾಚಿಯನ್ನು ಹೆರೆದು, ನೆನೆಸಿ, ಕಡ್ಡಿಯ ಬುಡಕ್ಕೆ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿದರೆ ಬಸ್ಸಿನಲ್ಲಿ ಇಡೀ ದಿನ ಕೂತರೂ ಬಾಡುವುದಿಲ್ಲ. ನಮ್ಮಮ್ಮ ಹಾಗೆ ಕಟ್ಟಿಕೊಟ್ಟ ಕಡ್ಡಿಗಳು ಶಿವಮೊಗ್ಗದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ವರ್ಷವರ್ಷ ಹೂ ಬಿಟ್ಟವು.

ಸಿಡ್ನಿಯ ಪ್ರಯಾಣ ಗೆದ್ದ ಮೇಲೆ ನಡೆದದ್ದು ಪಾಠಪುಸ್ತಕದಲ್ಲಿರುವ ಭಾಗ. ಮೊದಲು ಇಪ್ಪತ್ತರಲ್ಲಿ ಹತ್ತೊಂಬತ್ತು ಗಿಡ ಕಳೆದುಕೊಳ್ಳುತ್ತಿದ್ದ ಲೋಡಿಜಸ್ ನರ್ಸರಿ ಇಪ್ಪತ್ತರಲ್ಲಿ ಹತ್ತೊಂಬತ್ತು ಉಳಿಸಿಕೊಳ್ಳುವಂತಾಯಿತು. 1848ರಿಂದ 1851ರ ನಡುವೆ ರಾಬರ್ಟ್ ಫಾರ್ಚ್ಯೂನ್ ಚೀನಾದ ಚಹಾವನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ ಹಿಮಾಲಯದ ತಪ್ಪಲಿಗೆ ತಂದದ್ದು ಇವೇ ಪೆಟ್ಟಿಗೆಗಳಲ್ಲಿ. ಚಹಾದ ಬೀಜ ಒಣಗಿದರೆ ಬೇಗ ಸತ್ತುಹೋಗುತ್ತದೆ. ಆತ ಹಿಪ್ಪುನೇರಳೆ ಗಿಡಗಳ ನಡುವಿನ ಹಸಿ ಮಣ್ಣಿಗೆ ಬೀಜ ಬಿತ್ತಿದ, ಅವು ಸಮುದ್ರದ ಮೇಲೇ ಮೊಳೆತವು. 1876ರಲ್ಲಿ ಬ್ರೆಜಿಲ್ಲಿನಿಂದ ಕ್ಯೂ ಉದ್ಯಾನಕ್ಕೆ ಬಂದ ರಬ್ಬರ್ ಬೀಜಗಳ ಸಸಿಗಳು ಸಿಲೋನಿಗೆ ಹೋದದ್ದೂ ಹೀಗೆಯೇ.

ಸಿಂಕೋನಾದ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳುತ್ತೇನೆ, ನಮ್ಮ ಕಡೆಯ ಸಂಬಂಧ ಅದಕ್ಕಿದೆ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನಿಂದ ಪೆಟ್ಟಿಗೆ ತುಂಬ ಸಿಂಕೋನಾ ತಂದ. ಕೆಂಪು ಸಮುದ್ರದ ಸೆಕೆಯಲ್ಲಿ ಅವು ಬೆಂದವು, ಊಟಿಗೆ ಬಂದಮೇಲೆ ಒಂದೂ ಉಳಿಯಲಿಲ್ಲ. ಗಾಜಿನ ಪೆಟ್ಟಿಗೆ ತೇವವನ್ನು ಕಾಯುತ್ತದೆ, ಬಿಸಿಲಿನಿಂದ ಕಾಯುವುದಿಲ್ಲ. ಬಿಸಿಲಿಗಿಟ್ಟರೆ ಒಳಗಿನ ಉಷ್ಣ ಹೊರಗಿಗಿಂತ ಮೇಲೇರುತ್ತದೆ. ಮರುವರ್ಷ, 1861ರಲ್ಲಿ, ರಿಚರ್ಡ್ ಸ್ಪ್ರೂಸ್ ಈಕ್ವೆಡಾರಿನಲ್ಲಿ ಕಲೆಹಾಕಿದ ಕೆಂಪು ತೊಗಟೆಯ ಜಾತಿಯನ್ನು ರಾಬರ್ಟ್ ಕ್ರಾಸ್ ತಂದ. ಊಟಿಯಲ್ಲಿ ಮೆಕೈವರ್ ಎಂಬಾತ ಅದನ್ನು ಹೆಚ್ಚಿಸಿದ. ನೀಲಗಿರಿಯ ತೊಗಟೆಯಿಂದ ಕ್ವಿನೈನ್ ಬಂತು. ಚಳಿಜ್ವರಕ್ಕೆ ಮನೆಮನೆಯಲ್ಲಿ ಜನ ಸಾಯುತ್ತಿದ್ದ ಮಲೆನಾಡಿನಲ್ಲಿ ಕ್ವಿನೈನಿನ ಕಹಿಯನ್ನು ನಮ್ಮಜ್ಜಿ ಕೊನೆಯವರೆಗೂ ಮುಖ ಸಿಂಡರಿಸಿಕೊಂಡೇ ನೆನೆಯುತ್ತಿದ್ದರು. ಆ ಕಹಿಯ ಹಿಂದೆ ಲಂಡನ್ನಿನ ಒಂದು ಜರಿಗಿಡದ ಮೊಳಕೆ ಇತ್ತೆಂಬುದು ನನಗೆ ಗೊತ್ತಾಗುವ ಹೊತ್ತಿಗೆ ಅವರಿರಲಿಲ್ಲ.

ವಾರ್ಡ್‌ನ ಮನಸ್ಸಿನಲ್ಲಿದ್ದದ್ದು ಸಾಮ್ರಾಜ್ಯದ ತೋಟಗಳಷ್ಟೇ ಅಲ್ಲ. 1842ರಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ಬೆಳೆಸುವ ಬಗ್ಗೆ ಪುಸ್ತಕ ಬರೆದಾಗ ಅದರಲ್ಲಿ ಬಡವರ ಬದುಕನ್ನು ಹಸನಾಗಿಸುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ಹೊಗೆಯ ಕೇರಿಗಳಲ್ಲಿ ರೋಗಿಗಳನ್ನು ದಿನಾ ಕಂಡವನು ಆತ. ಮಸಿ ಹಿಡಿದ ಕಿಟಕಿಯೊಳಗೂ ಒಂದು ತುಂಡು ಕಾಡು ಇರಬಹುದು, ಅದಕ್ಕೆ ದಿನನಿತ್ಯದ ಖರ್ಚಿಲ್ಲ ಎಂದು ನಂಬಿದ್ದ. ಆದರೆ ಇಂಗ್ಲೆಂಡಿನಲ್ಲಿ ಆಗ ಗಾಜಿಗೆ ತೆರಿಗೆ ಇತ್ತು. ಅದು ಹೋದದ್ದು 1845ರಲ್ಲಿ. ಕಿಟಕಿಗಳ ಮೇಲಿನ ತೆರಿಗೆ ಹೋದದ್ದು 1851ರಲ್ಲಿ. ಅದೇ ವರ್ಷ ಗಾಜಿನ ಅರಮನೆಯಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ವಾರ್ಡ್ 18 ವರ್ಷ ನೀರು ಹಾಕದ ಬಾಟಲಿಯೊಂದನ್ನು ಇಟ್ಟ. ಗಾಜು ಅಗ್ಗವಾದ ಮೇಲೂ ಪೆಟ್ಟಿಗೆ ಸೇರಿದ್ದು ಹೆಚ್ಚಾಗಿ ಉಳ್ಳವರ ಹಜಾರಗಳನ್ನು.

ಅಲ್ಲಿ ಅದಕ್ಕೆ ಕೆಲಸವೂ ಇತ್ತು. ಕಲ್ಲಿದ್ದಲ ಒಲೆ ಹಜಾರದ ಗಾಳಿಯನ್ನು ಒಣಗಿಸುತ್ತಿತ್ತು, ಗ್ಯಾಸ್ ದೀಪದ ಹೊಗೆ ತೆರೆದ ಕುಂಡದ ಎಲೆಗಳನ್ನು ಕೊಲ್ಲುತ್ತಿತ್ತು. ಗಾಜಿನೊಳಗೆ ಮಾತ್ರ ಜರಿ ಬದುಕುತ್ತಿತ್ತು. ಜರಿಗಿಡದ ಹುಚ್ಚು ಎಷ್ಟು ಹಬ್ಬಿತೆಂದರೆ ಚಾರ್ಲ್ಸ್ ಕಿಂಗ್ಸ್‌ಲಿ 1855ರಲ್ಲಿ ಅದಕ್ಕೆ ಟೆರಿಡೊಮೇನಿಯ ಎಂದು ಹೆಸರಿಟ್ಟ. ಆ ಹುಚ್ಚಿಗೆ ಬಲಿಯಾದದ್ದು ಫಿಶರ್ ತಲೆಬಾಗಿದ ಅದೇ ಕಿಲಾರ್ನಿ ಜರಿ. ಮಾರುವವರು ಬಂಡೆಗಳಿಂದ ಹೆರೆದು ಹೆರೆದು ತಂದರು. ಅದು ನೆಲೆಸಿದ್ದ ಎಷ್ಟೋ ಕಡೆ ಅದರ ಸುಳಿವೇ ಇಲ್ಲವಾಯಿತು. ಮನೆಯೊಳಗೆ ತೇವ ಕಾಯುವ ವಿದ್ಯೆ ಕಲಿತವರು ಕಾಡಿನ ತೇವದಲ್ಲಿದ್ದುದನ್ನು ಕಿತ್ತು ಮುಗಿಸಿದರು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಪೆಟ್ಟಿಗೆಗಳಲ್ಲಿ ಜರಿಗಳ ಕಾಲಬುಡಕ್ಕೆ ಹಾಸುತ್ತಿದ್ದ ಹಸಿರು ಕಂಬಳಿ ಸೆಲಾಜಿನೆಲ್ಲಾ. ಅದು ಪಾಚಿಯೂ ಅಲ್ಲ, ಜರಿಯೂ ಅಲ್ಲ. ಜರಿಗಳಿಗಿಂತ ಹಳೆಯ ವಂಶದ ಗಿಡ, ಹೂವಿಲ್ಲ, ಬೀಜವಿಲ್ಲ. ಸಣ್ಣ ಹುರುಪೆಯಂಥ ಎಲೆಗಳ ಕೊಂಬೆ ನೆಲದ ಮೇಲೆ ತೆವಳುತ್ತದೆ, ಅಲ್ಲಲ್ಲಿ ಬೇರಿಳಿಸುತ್ತ ಮುಂದೆ ಹೋಗುತ್ತದೆ. ಅಂದಿನ ತೋಟಗಾರರು ಅದನ್ನು ಲೈಕೋಪೋಡಿಯಂ ಡೆಂಟಿಕುಲೇಟಂ ಎಂಬ ಹೆಸರಲ್ಲಿ ಮಾರುತ್ತಿದ್ದರು. ಹಾಗೆ ಮಾರಿದ್ದರಲ್ಲಿ ಹೆಚ್ಚಿನದು ಆಫ್ರಿಕ ಮತ್ತು ಅಜೋರ್ಸ್ ದ್ವೀಪಗಳ ಸೆಲಾಜಿನೆಲ್ಲಾ ಕ್ರೌಸಿಯಾನ. 1860ರ ದಶಕದಲ್ಲಿ ಪೆರುವಿನ ಕಾಡುಗಳಿಂದ ಇನ್ನೊಂದು ನೆಲಹಬ್ಬು ಜೊತೆಗೂಡಿತು. ಹಸಿರು ಎಲೆಯ ಮೇಲೆ ಬಿಳಿ ಅಥವಾ ಗುಲಾಬಿ ನರಗಳ ಬಲೆ ಹೆಣೆದ ಫಿಟ್ಟೋನಿಯಾ. ಎಲಿಜಬೆತ್ ಮತ್ತು ಸಾರಾ ಮೇರಿ ಫಿಟ್ಟನ್ ಎಂಬ ಐರಿಷ್ ಅಕ್ಕತಂಗಿಯರ ಹೆಸರು ಅದಕ್ಕಿದೆ. ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವ ಸಂಭಾಷಣೆಯ ರೂಪದ ಅವರ ಪುಸ್ತಕ 1817ರಲ್ಲಿ ಬಂದಿತ್ತು. ಪಾಠ ಹೇಳಿದವರ ಹೆಸರು ಒಂದು ಗಿಡದಲ್ಲಿ ಉಳಿದಿದೆಯೆಂಬುದು ಮೇಷ್ಟರ ಕೆಲಸ ಮಾಡಿದ ನನಗೆ ಹೆಮ್ಮೆಯ ವಿಷಯ.

ಇವತ್ತು ಬೆಂಗಳೂರಿನ ಯಾವ ನರ್ಸರಿಗೆ ಹೋದರೂ ಫಿಟ್ಟೋನಿಯಾ ಸಿಗುತ್ತದೆ. ನೀರು ಸ್ವಲ್ಪ ತಪ್ಪಿದರೆ ಸತ್ತೇಹೋಯಿತೆಂಬಂತೆ ಮಲಗುತ್ತದೆ, ನೀರು ಕಂಡ ಕೆಲವೇ ಗಂಟೆಗಳಲ್ಲಿ ಎದ್ದು ಕೂರುತ್ತದೆ. ಸೆಲಾಜಿನೆಲ್ಲಾ ಹಾಗಲ್ಲ. ಒಮ್ಮೆ ತುದಿ ಒಣಗಿ ಸುರುಟಿದರೆ ಆ ಕೊಂಬೆ ತಿರುಗಿ ಬರುವುದಿಲ್ಲ. ಸೊಸೆ ಅದನ್ನು ತೆರೆದ ಪಿಂಗಾಣಿ ಬಟ್ಟಲಲ್ಲಿ ಟೀಪಾಯಿಯ ಮೇಲೆ ಇಡಬೇಕೆಂದಿದ್ದಳು. "ಅತ್ತೆ, ಮುಚ್ಚಿಟ್ಟರೆ ಉಸಿರು ಕಟ್ಟಲ್ವಾ?" ಅಂತ ಕೇಳಿದಳು. ವಾರ್ಡ್ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಬೆಳಕಿನಲ್ಲಿ ಎಲೆ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುತ್ತದೆ, ಇರುಳಲ್ಲಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ತಿರುಗಿ ಕೊಡುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳೂ ಕೊಡುತ್ತವೆ. ಮುಚ್ಚಳದ ಸಂದಿಯಲ್ಲಿ ಒಂದಿಷ್ಟು ಗಾಳಿ ಆಡುತ್ತದೆ. ಆ ಪುಟ್ಟ ಜಾಗದ ಗಿಡಕ್ಕೆ ಅಷ್ಟು ಸಾಲುತ್ತದೆ.

ವಿಕ್ಟೋರಿಯಾ ಕಾಲದವರು ಅನುಭವದಿಂದ ಕಂಡುಕೊಂಡ ಕ್ರಮವನ್ನೇ ನಾನೂ ಅನುಸರಿಸುತ್ತೇನೆ. ತಳಕ್ಕೆ ಹೆಂಚಿನ ಚೂರು, ಅದರ ಮೇಲೆ ಇದ್ದಿಲ ಚೂರು, ಆಮೇಲೆ ಮರಳೂ ತೆಂಗಿನ ನಾರಿನ ಪುಡಿಯೂ ಬೆರೆಸಿದ ಮಣ್ಣು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಇಳಿಯಬಾರದು. ಗಾಜು ಬೆಳಿಗ್ಗೆ ಬೆವರಿ ಹತ್ತು ಗಂಟೆಯ ಹೊತ್ತಿಗೆ ಆರಿದರೆ ಒಳಗೆ ಎಲ್ಲ ಸರಿಯಿದೆ. ಮಧ್ಯಾಹ್ನವೂ ಹನಿ ತೊಟ್ಟಿಕ್ಕುತ್ತಿದ್ದರೆ ನೀರು ಹೆಚ್ಚಾಗಿದೆ, ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿಡಬೇಕು. ಬೆವರೇ ಇಲ್ಲದಿದ್ದರೆ ಅಂಚಿನಲ್ಲಿ ಒಂದು ಚಮಚ ನೀರು. ಬಿಳಿ ಬೂಷ್ಟು ಕಂಡ ಕಡೆ ಎಲೆ ತೆಗೆದು, ಒಂದೆರಡು ಗಂಟೆ ತೆರೆದಿಡಬೇಕು. ನೇರ ಬಿಸಿಲು ಮಾತ್ರ ಬೇಡವೇ ಬೇಡ. ಮಾರ್ಕಮ್‌ನ ಸಿಂಕೋನಾಗಳಿಗೆ ಆದದ್ದು ತೊಟ್ಟಿಯೊಳಗೂ ಆಗುತ್ತದೆ.

ಬೆಂಗಳೂರಿನಲ್ಲಿ ಗಾಜಿನ ಮನೆಯೆಂದರೆ ಎಲ್ಲರಿಗೂ ನೆನಪಾಗುವುದು ಲಾಲ್‌ಬಾಗು. 1889ರ ನವೆಂಬರ್ 30ರಂದು ಅದರ ಅಡಿಗಲ್ಲು ಹಾಕಿದವರು ರಾಜಕುಮಾರ ಆಲ್ಬರ್ಟ್ ವಿಕ್ಟರ್, ಕಟ್ಟಿಸಿದವರು ಜಾನ್ ಕ್ಯಾಮರೂನ್. ಮಾದರಿ ವಾರ್ಡ್ ತನ್ನ ಬಾಟಲಿ ಇಟ್ಟಿದ್ದ ಅದೇ ಲಂಡನ್ನಿನ ಗಾಜಿನ ಅರಮನೆ. ಆದರೆ ಲಾಲ್‌ಬಾಗಿನ ಗಾಜಿನ ಮನೆಗೆ ಸುತ್ತ ಗೋಡೆ ಮುಚ್ಚಿಲ್ಲ, ಗಾಳಿ ಸರಾಗವಾಗಿ ಹಾಯುತ್ತದೆ. ಅದು ಫಲಪುಷ್ಪ ಪ್ರದರ್ಶನಕ್ಕೆಂದು ಕಟ್ಟಿದ್ದು, ತೇವ ಹಿಡಿದಿಡುವುದು ಅದರ ಕೆಲಸವಲ್ಲ. ಚಳಿದೇಶದಲ್ಲಿ ಬಿಸಿಯನ್ನು ಕಾಯುವ ಗಾಜು ನಮ್ಮಲ್ಲಿ ಮುಚ್ಚಿದರೆ ಒಲೆಯಾದೀತು. ಅದಕ್ಕೇ ನನ್ನ ತೊಟ್ಟಿ ಇರುವುದು ನಮ್ಮ ಐದನೇ ಮಹಡಿಯ ಮನೆಯ ಉತ್ತರದ ಕಿಟಕಿಯ ಒಳಗೆ.

ಹಡಗಿನ ಪೆಟ್ಟಿಗೆಗಳ ಕಾಲ ಮುಗಿದದ್ದು ಅವು ಕೆಟ್ಟು ಅಲ್ಲ. ಒಳಗೆ ತೇವ ಕಾಯುತ್ತಿದ್ದ ಅದೇ ಮಣ್ಣು ಹುಳ, ಮೊಟ್ಟೆ, ರೋಗದ ಬೀಜಾಣುಗಳನ್ನೂ ಕಾಯುತ್ತಿತ್ತು. ಒಂದು ಖಂಡದ ಕೀಟ ಇನ್ನೊಂದು ಖಂಡಕ್ಕೆ ಸುಖವಾಗಿ ಇಳಿಯುತ್ತಿತ್ತು. ಅಮೆರಿಕ 1912ರಲ್ಲಿ ಸಸ್ಯ ತಪಾಸಣೆಯ ಕಾನೂನು ಮಾಡಿತು, 1919ರಿಂದ ಮಣ್ಣಿನ ಸಮೇತ ಗಿಡ ತರುವುದಕ್ಕೆ ಬಿಗಿ ಹಾಕಿತು. ಆಮೇಲೆ ವಿಮಾನ ಬಂತು, ಪಾಲಿಥೀನ್ ಚೀಲ ಬಂತು. ಕ್ಯೂ ಉದ್ಯಾನ 1960ರ ದಶಕದ ಆರಂಭದವರೆಗೂ ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಬಳಸಿತು.

ವಾರ್ಡ್ 1868ರಲ್ಲಿ ತೀರಿಕೊಂಡ. ಅವನು ಬದುಕಿದ್ದಾಗಲೇ ಸಸ್ಯಶಾಸ್ತ್ರಜ್ಞರು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಒಂದು ಕುಲಕ್ಕೆ ವಾರ್ಡಿಯಾ ಎಂದು ಹೆಸರಿಟ್ಟರು. ಅದು ಚಹಾದ ನೆಂಟನಲ್ಲ, ರಬ್ಬರಿನ ನೆಂಟನೂ ಅಲ್ಲ, ಒಂದು ಪಾಚಿ. ಹೆಸರಿಟ್ಟವರಿಗೆ ಆತನ ಋಣ ಯಾವ ಗಿಡಗಳಿಗೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಈ ಕಥೆಗೆ ಇನ್ನೊಂದು ಬದಿಯಿದೆ, ಅದನ್ನು ಹೇಳದಿದ್ದರೆ ಸರಿಯಾಗುವುದಿಲ್ಲ. ಇಂಗ್ಲೆಂಡಿನ ಹಜಾರದಲ್ಲಿ ಗಾಜಿಲ್ಲದೆ ಬದುಕದ ಸೆಲಾಜಿನೆಲ್ಲಾ ಕ್ರೌಸಿಯಾನ ತೋಟದ ಗಿಡವಾಗಿ ನ್ಯೂಜಿಲೆಂಡಿಗೂ ಹೋಯಿತು. ಅಲ್ಲಿನ ಕಾಡಿನ ನೆಲದಲ್ಲಿ ತೇವಕ್ಕೆ ಯಾವ ಮುಚ್ಚಳವೂ ಬೇಕಾಗಲಿಲ್ಲ. ಹೊರಗೆ ಹರಿದ ಗಿಡ ನೆಲದುದ್ದಕ್ಕೂ ದಟ್ಟ ಹಾಸಾಗಿ ಹಬ್ಬಿ, ಅಲ್ಲಿಯದೇ ಮರಗಳ ಸಸಿ ಏಳದಂತೆ ಮಾಡುತ್ತಿದೆ. ಮುರಿದ ಕೊಂಬೆಯ ಒಂದು ಚೂರು ಒದ್ದೆ ಮಣ್ಣಿಗೆ ಬಿದ್ದರೂ ಬೇರು ಬಿಡುತ್ತದೆ. ನಡೆಯುವವರ ಬೂಟಿಗೆ ಅಂಟಿ ಮುಂದಿನ ಕಾಡಿಗೆ ಹೋಗುತ್ತದೆ. ಅಲ್ಲಿ ಈಗ ಅದನ್ನು ಮಾರುವುದೂ ಬೆಳೆಸಿ ಹಂಚುವುದೂ ನಿಷಿದ್ಧ.

ನಮ್ಮ ಮಲೆನಾಡಿನ ದರೆಗಳಲ್ಲಿ ಮಳೆಗಾಲಕ್ಕೆ ಏಳುವ ನಮ್ಮವೇ ಸೆಲಾಜಿನೆಲ್ಲಾಗಳಿವೆ. ಜಂಬಿಟ್ಟಿಗೆ ಗೋಡೆಗಳ ಮೇಲೂ ಬರುತ್ತವೆ. ನವೆಂಬರಿನ ಹೊತ್ತಿಗೆ ಒಣಗಿ, ಜೂನಿಗೆ ಮತ್ತೆ ಹಬ್ಬುತ್ತವೆ. ಅವುಗಳ ಜಾಗಕ್ಕೆ ಅಂಗಡಿಯ ಗಿಡ ಹೋಗಬಾರದು. ತೊಟ್ಟಿಯಲ್ಲಿ ಹೆಚ್ಚಾದದ್ದನ್ನು ಕತ್ತರಿಸಿದಾಗ ಆ ತುಂಡುಗಳನ್ನು ನಾನು ಹಿತ್ತಿಲಿಗಾಗಲಿ ಚರಂಡಿಗಾಗಲಿ ಎಸೆಯುವುದಿಲ್ಲ, ಊರಿಗೆ ಹೋಗುವ ಯಾರ ಕೈಗೂ ಕೊಡುವುದಿಲ್ಲ. ಹಳೆಯ ಪತ್ರಿಕೆಯ ಮೇಲೆ ಹರಡಿ, ತಾರಸಿಯ ಬಿಸಿಲಿನಲ್ಲಿ ಕರಕಲಾಗುವವರೆಗೆ ಒಣಗಿಸಿ, ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತದೆಯೆಂದು ನೋಡಿದ ಮೇಲೆಯೇ ಕಸಕ್ಕೆ ಹಾಕುತ್ತೇನೆ. ಗಿಡ ಕೇಳಿಕೊಂಡು ಬರುವ ಪಕ್ಕದ ಮನೆಯವರಿಗೂ ತೊಟ್ಟಿ ಕಟ್ಟುವುದನ್ನು ತೋರಿಸುವ ಮೊದಲು ಇದನ್ನು ಹೇಳಿಕೊಡುತ್ತೇನೆ.